ಖಾತ್ರಿಯಾಗುವವರೆಗೆ ಕಾಯಬೇಕೆ?

ಪ್ರಶ್ನೆ: ನನ್ನ ಅಕ್ಕನ ಮಗನಿಗೆ ಒಂಬತ್ತು ವರ್ಷ. ಮಾತಿನ ಮಲ್ಲನಾಗಿದ್ದ ಹುಡುಗ ಕೆಲವು ತಿಂಗಳಿಂದ ಮಂಕಾಗಿದ್ದಾನೆ. ಎಂದೋ ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗಿದೆ. ಟ್ಯೂಷನ್‌ಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು ಎನ್ನುತ್ತಾನೆ. ಮೊನ್ನೆ ನಮ್ಮ ಮನೆಯಲ್ಲಿ ಉಳಿದಿದ್ದಾಗ ಬಟ್ಟೆ ಬದಲಿಸಲು ನೆರವಾಗಲು ಹೋದರೆ ಬೆಚ್ಚಿ ಹಿಂದೆ ಸರಿದ. ತೊಡೆಯ ಒಳಭಾಗದಲ್ಲಿ ಕಂದಿದ ಗುರುತು ಕಂಡಿತು. ಅಕ್ಕನಿಗೆ ಹೇಳಿದರೆ ‘ಗಂಡು ಹುಡುಗ, ಎಲ್ಲೋ ಬಿದ್ದಿರುತ್ತಾನೆ ಬಿಡು’ ಎಂದಳು. ಭಾವ ಮುಂಗೋಪಿ, ಅವರ ಮುಂದೆ ಬಾಯಿಬಿಡಲು ಹೆದರಿಕೆ. ನಾನೇ ಅವನನ್ನು ಕೂರಿಸಿಕೊಂಡು ಕೇಳಲೇ? ನನ್ನ ಅನುಮಾನ ಸುಳ್ಳಾದರೆ ಯಾರ ಮೇಲೋ ಅಪವಾದ ಹೊರಿಸಿದಂತಾಗುವುದಿಲ್ಲವೇ? ಪೊಲೀಸು, ಕೋರ್ಟು ಅಂತಾದರೆ ಹುಡುಗನ ಗತಿಯೇನು?

ಉತ್ತರ: ನೀವು ಕೇಳಿರುವುದರಲ್ಲಿ ‘ನನ್ನ ಅನುಮಾನ ಸುಳ್ಳಾದರೆ’ ಎಂಬುದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಮಗುವಿಗೆ ಸಿಗಬೇಕಾದ ನೆರವು ತಡವಾಗುವುದು ಬಹುಪಾಲು ಈ ಅಳುಕಿನಿಂದಲೇ. ಇನ್ನೊಂದಿಷ್ಟು ದಿನ ನೋಡೋಣ, ಖಾತ್ರಿಯಾಗಲಿ ಎಂದು ದೊಡ್ಡವರು ಕಾಯುತ್ತಾರೆ. ಅಷ್ಟು ದಿನವೂ ಮಗು ಅದೇ ಜಾಗಕ್ಕೆ, ಅದೇ ವ್ಯಕ್ತಿಯ ಬಳಿಗೆ ಹೋಗಿಬರುತ್ತಿರುತ್ತದೆ.

ಖಾತ್ರಿ ಮಾಡಿಕೊಳ್ಳುವುದು ನಿಮ್ಮ ಕೆಲಸವೇ ಅಲ್ಲ. ಏನು ನಡೆದಿದೆ, ಯಾರಿಂದ ನಡೆದಿದೆ ಎಂದು ಪತ್ತೆಹಚ್ಚಲು ವೈದ್ಯರಿದ್ದಾರೆ, ರಕ್ಷಣೆ ಬೇಕಾದ ಮಕ್ಕಳ ವಿಷಯ ನೋಡುವ ಮಕ್ಕಳ ಕಲ್ಯಾಣ ಸಮಿತಿ ಇದೆ, ತನಿಖಾಧಿಕಾರಿಗಳಿದ್ದಾರೆ. ಕಂಡದ್ದನ್ನು, ಕೇಳಿದ್ದನ್ನು ಸರಿಯಾದ ಜಾಗಕ್ಕೆ ಮುಟ್ಟಿಸುವುದಷ್ಟೇ ನಿಮ್ಮ ಪಾಲಿನದು. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗೆಂದೇ 2012ರಲ್ಲಿ ಬಂದ ಪೋಕ್ಸೊ ಕಾಯ್ದೆ ಕೂಡ ಹೀಗೇ ನೋಡುತ್ತದೆ. ಅಪರಾಧ ನಡೆದಿರುವುದು ಗೊತ್ತಾದರೆ ಮಾತ್ರವಲ್ಲ, ನಡೆಯಬಹುದು ಎಂಬ ಆತಂಕವಿದ್ದರೂ ತಿಳಿಸಬೇಕು ಎನ್ನುತ್ತದೆ ಅದರ 19ನೇ ಕಲಂ. ಸದುದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಸಿವಿಲ್ ಆಗಲಿ, ಕ್ರಿಮಿನಲ್ ಆಗಲಿ, ಯಾವ ಹೊಣೆಯೂ ಬರುವುದಿಲ್ಲವೆಂದೂ ಅದೇ ಕಲಂ ಹೇಳುತ್ತದೆ. ಸುಳ್ಳು ದೂರಿಗೆ ಶಿಕ್ಷೆಯಿರುವುದು ನಿಜ. ಆದರೆ ಅದು ಅವಮಾನಿಸಲು, ಸುಲಿಗೆ ಮಾಡಲು, ಬೆದರಿಸಲು ಅಥವಾ ಮಾನಹಾನಿಗೆಂದು ಬೇಕೆಂದೇ ಸುಳ್ಳು ಹೇಳಿದವರಿಗೆ. ಸುಳ್ಳು ಹೇಳಿದ್ದು ಮಗುವೇ ಆದರೆ ಶಿಕ್ಷೆಯೇ ಇಲ್ಲ. ಇನ್ನು ಅಪವಾದದ ಮಾತು: ‘ಹುಡುಗ ಬದಲಾಗಿದ್ದಾನೆ, ಮೈಮೇಲೆ ಗುರುತಿದೆ, ನನಗೆ ಆತಂಕವಾಗಿದೆ’ ಎಂದರೆ ಯಾರ ಹೆಸರನ್ನೂ ಎತ್ತಿದಂತಾಗಲಿಲ್ಲ. ನಾಳೆ ಕಾರಣ ಬೇರೆಯೇ ಎಂದು ತಿಳಿದರೂ ನೀವು ಯಾರಿಗೂ ಅನ್ಯಾಯ ಮಾಡಿರುವುದಿಲ್ಲ.

ಈಗ ಲಕ್ಷಣಗಳು. ನೀವು ಬರೆದ ಒಂದೊಂದನ್ನೂ ಬಿಡಿಬಿಡಿಯಾಗಿ ನೋಡಿದರೆ ಪ್ರತಿಯೊಂದಕ್ಕೂ ಸಾಮಾನ್ಯ ಕಾರಣಗಳಿವೆ. ವರ್ಷಗಟ್ಟಲೆ ಒಣಗಿದ್ದ ಹಾಸಿಗೆ ಮತ್ತೆ ಒದ್ದೆಯಾಗಲು ಮೂತ್ರದ ಸೋಂಕು, ಮಲಬದ್ಧತೆ, ಮಕ್ಕಳಲ್ಲಿ ಕಾಣಿಸುವ ಸಕ್ಕರೆ ಕಾಯಿಲೆ ಕಾರಣವಾಗಬಹುದು. ಮನೆಯಲ್ಲಿ ಹೊಸ ಮಗು ಹುಟ್ಟಿರಬಹುದು, ಅಪ್ಪ ಅಮ್ಮನ ಜಗಳ ಇರಬಹುದು, ಶಾಲೆಯಲ್ಲಿ ಯಾರೋ ಗೋಳುಹೊಯ್ದುಕೊಳ್ಳುತ್ತಿರಬಹುದು. ಆದ್ದರಿಂದ ಮಕ್ಕಳ ವೈದ್ಯರಿಗೆ ತೋರಿಸುವುದು ಹೇಗಿದ್ದರೂ ಆಗಲೇಬೇಕು. ‘ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದಾನೆ, ಹೊಟ್ಟೆನೋವು ಎನ್ನುತ್ತಾನೆ’ ಎಂದರೆ ಅಕ್ಕನೂ ಒಪ್ಪುತ್ತಾರೆ. ಇದು ನಿಮಗೆ ಸುಲಭವಾಗಿ ತೆರೆಯುವ ದಾರಿ.

ಆದರೆ ಲಕ್ಷಣಗಳನ್ನು ಒಟ್ಟಾಗಿ ನೋಡುವಾಗ, ಮಕ್ಕಳೊಂದಿಗೆ ಕೆಲಸ ಮಾಡುವ ನಾವು ಮೂರು ವಿಷಯಗಳಿಗೆ ಕಿವಿಗೊಡುತ್ತೇವೆ. ಮೊದಲನೆಯದು, ಈ ಮಗು ಮೊದಲು ಹೇಗಿತ್ತು, ಈಗ ಹೇಗಿದೆ ಎಂಬ ವ್ಯತ್ಯಾಸ. ಹುಟ್ಟಾ ಮೌನಿಯಾದ ಮಗುವಿನ ಮೌನ ಬೇರೆ, ವಾಚಾಳಿ ಮಗು ಬಾಯಿ ಕಟ್ಟಿಕೊಳ್ಳುವುದೇ ಬೇರೆ. ಎರಡನೆಯದು, ಹಲವು ಬದಲಾವಣೆಗಳು ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಶುರುವಾದವೇ ಎಂಬುದು. ಮೂರನೆಯದು, ಅವು ಒಂದು ಹೊತ್ತಿಗೋ ಜಾಗಕ್ಕೋ ವ್ಯಕ್ತಿಗೋ ಅಂಟಿಕೊಂಡಿವೆಯೇ ಎಂಬುದು. ಟ್ಯೂಷನ್ ಇಲ್ಲದ ದಿನ ಹೊಟ್ಟೆನೋವು ಬರುತ್ತದೆಯೇ? ರಜೆಯಲ್ಲಿ ನಿಮ್ಮ ಮನೆಗೆ ಬಂದಾಗ ಹಾಸಿಗೆ ಒದ್ದೆಯಾಗುತ್ತದೆಯೇ? ಮನೆಗೆ ವಾಪಸ್ ಹೊರಡುವ ದಿನ ಮುಖ ಹೇಗಿರುತ್ತದೆ? ಇದನ್ನೆಲ್ಲ ಅವನನ್ನು ಕೇಳಬೇಕಾಗಿಲ್ಲ, ಗಮನಿಸಿ ತಾರೀಖಿನ ಸಮೇತ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ ಸಾಕು.

ಗುರುತಿನ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಓಡಿ ಆಡುವ ಮಕ್ಕಳಿಗೆ ಏಟಾಗುವುದು ಮೂಳೆ ಚರ್ಮದ ಹತ್ತಿರವೇ ಇರುವ ಕಡೆ: ಮೊಣಕಾಲು, ಮುಂಗಾಲು, ಮೊಣಕೈ, ಹಣೆ, ಗದ್ದ. ಕಿವಿ, ಕುತ್ತಿಗೆ, ಕೆನ್ನೆಯ ಮೆತ್ತನೆಯ ಭಾಗ, ಬೆನ್ನು, ಹೊಟ್ಟೆ, ಪೃಷ್ಠ, ತೊಡೆಯ ಒಳಭಾಗ, ಇಲ್ಲೆಲ್ಲ ಆಟದಲ್ಲಿ ಬಿದ್ದು ಕಂದುವುದು ಅಪರೂಪ. ಗುರುತಿಗೆ ಒಂದು ಆಕಾರವಿದ್ದರೆ ಇನ್ನಷ್ಟು ಎಚ್ಚರ ಬೇಕು. ಬೆಲ್ಟಿನ ಪಟ್ಟೆ, ಮಡಚಿದ ವೈರಿನ ಕುಣಿಕೆಯಂಥ ಗೆರೆ, ಬೆರಳುಗಳ ಅಚ್ಚು, ಹಲ್ಲಿನ ಗುರುತು, ಬೀಡಿ ಸಿಗರೇಟಿನ ದುಂಡನೆಯ ಸುಟ್ಟಗಾಯ, ಬಿಸಿನೀರಿನಲ್ಲಿ ಅದ್ದಿದಂತೆ ಕಾಲಿನ ಸುತ್ತ ಗೆರೆ ಎಳೆದ ಹಾಗಿರುವ ಸುಟ್ಟಗಾಯ, ಇವು ಸಾಮಾನ್ಯವಾಗಿ ಆಕಸ್ಮಿಕವಾಗಿ ಆಗುವಂಥವಲ್ಲ. ಇನ್ನೂ ತೆವಳಲು ಬಾರದ ಕೂಸಿನ ಮೈಮೇಲೆ ಒಂದೇ ಒಂದು ಕಂದಿದ ಗುರುತಿದ್ದರೂ ಅದೇ ದಿನ ವೈದ್ಯರು ನೋಡಬೇಕು. ಗುರುತಿನ ಬಣ್ಣ ನೋಡಿ ಇಷ್ಟು ದಿನದ್ದು ಎಂದು ಲೆಕ್ಕಹಾಕುವವರಿದ್ದಾರೆ. ಅದು ನಂಬುವಂಥದ್ದಲ್ಲ, ವೈದ್ಯರೂ ಅದನ್ನು ನೆಚ್ಚುವುದಿಲ್ಲ.

ಗುರುತಿಗಿಂತ ಹೆಚ್ಚಾಗಿ ಅದರ ಹಿಂದಿನ ಕಥೆ ಮಾತನಾಡುತ್ತದೆ. ಒಬ್ಬರು ಒಂದು ಹೇಳುತ್ತಾರೆ, ಇನ್ನೊಬ್ಬರು ಮತ್ತೊಂದು. ಅಥವಾ ಆ ವಯಸ್ಸಿನ ಮಗು ಮಾಡಲಾಗದ್ದನ್ನು ಮಾಡಿ ಬಿತ್ತು ಎನ್ನುತ್ತಾರೆ, ಇಲ್ಲವೇ ಮೂಳೆ ಮುರಿದು ಎರಡು ದಿನವಾದ ಮೇಲೆ ಆಸ್ಪತ್ರೆಗೆ ತರುತ್ತಾರೆ. ಪುಟ್ಟ ಮಕ್ಕಳ ಮೂಳೆ ಮುರಿತಗಳ ಹಿಂದೆ ಹೆತ್ತವರ ಕೈಯೇ ಇರಬಹುದು ಎಂದು ಅಮೆರಿಕದ ಮಕ್ಕಳ ವೈದ್ಯ ಹೆನ್ರಿ ಕೆಂಪ್ ಮತ್ತು ಸಂಗಡಿಗರು ವೈದ್ಯಲೋಕಕ್ಕೆ ಒತ್ತಿ ಹೇಳಿದ್ದು 1962ರಲ್ಲಿ. ಅಲ್ಲಿಯವರೆಗೆ ವೈದ್ಯರಲ್ಲೂ ಬಹುಮಂದಿ ‘ಎಲ್ಲೋ ಬಿದ್ದಿರುತ್ತದೆ’ ಎಂದೇ ನಂಬಿಕೊಂಡಿದ್ದರು. ನಿಮ್ಮ ಅಕ್ಕನನ್ನು ದೂರುವ ಮುಂಚೆ ಇದನ್ನು ನೆನಪಿಟ್ಟುಕೊಳ್ಳಿ.

ಲೈಂಗಿಕ ದೌರ್ಜನ್ಯದಲ್ಲಿ ಬಹಳ ಸಲ ಗುರುತೇ ಇರುವುದಿಲ್ಲ. ವೈದ್ಯಕೀಯ ತಪಾಸಣೆಯಲ್ಲಿ ಏನೂ ಸಿಗದಿರುವುದೇ ಹೆಚ್ಚು. ಮುಟ್ಟಿದ್ದು, ಮುಟ್ಟಿಸಿಕೊಂಡದ್ದು, ಅಶ್ಲೀಲ ವಿಡಿಯೊ ತೋರಿಸಿದ್ದು ಮೈಮೇಲೆ ಕಲೆ ಉಳಿಸುವುದಿಲ್ಲ. ಆದ್ದರಿಂದ ‘ಡಾಕ್ಟರು ಎಲ್ಲ ನಾರ್ಮಲ್ ಎಂದರು, ಹಾಗಾದರೆ ಏನೂ ಆಗಿಲ್ಲ’ ಎಂಬ ತೀರ್ಮಾನಕ್ಕೆ ಬರಬೇಡಿ. ನಡವಳಿಕೆಯಲ್ಲಿ ಕಾಣುವುದು ಹೀಗೆ: ವಯಸ್ಸಿಗೆ ಮೀರಿದ ಲೈಂಗಿಕ ಮಾತು ಅಥವಾ ಆಟ, ಬಟ್ಟೆ ಬಿಚ್ಚಲು ವಿಪರೀತ ಹೆದರಿಕೆ, ಒಬ್ಬ ನಿರ್ದಿಷ್ಟ ವ್ಯಕ್ತಿಯನ್ನು ಕಂಡರೆ ಮುದುಡಿಕೊಳ್ಳುವುದು, ಎಲ್ಲಿಂದ ಬಂತೆಂದು ಹೇಳದ ಉಡುಗೊರೆ ಅಥವಾ ದುಡ್ಡು, ಫೋನ್ ಮುಚ್ಚಿಡುವುದು, ಕೆಟ್ಟ ಕನಸು, ಓದಿನಲ್ಲಿ ದಿಢೀರ್ ಕುಸಿತ. ಸ್ವಲ್ಪ ದೊಡ್ಡ ಮಕ್ಕಳಲ್ಲಿ ಕೈ ಕುಯ್ದುಕೊಳ್ಳುವುದು, ಮನೆ ಬಿಟ್ಟು ಓಡುವುದು. ಆದರೆ ಯಾವ ಲಕ್ಷಣವನ್ನೂ ತೋರದ ಮಕ್ಕಳೂ ಇದ್ದಾರೆ. ತರಗತಿಗೇ ಮೊದಲು ಬರುತ್ತಾ, ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾ, ಯಾರಿಗೂ ತೊಂದರೆ ಕೊಡದೆ ಇರುವ ಮಗುವಿನ ಕಡೆ ಯಾರೂ ತಿರುಗಿ ನೋಡುವುದಿಲ್ಲ. ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಇಂಥ ಮಕ್ಕಳೇ.

‘ಗಂಡು ಹುಡುಗ ಬಿಡು’ ಎಂಬ ಮಾತಿನ ಬಗ್ಗೆ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಹೊರತಂದ ಅಧ್ಯಯನದಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿದ್ದರು. ಅವರಲ್ಲಿ ಶೇ 53ಕ್ಕೂ ಹೆಚ್ಚು ಮಂದಿ ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಅನುಭವಿಸಿದ್ದಾಗಿ ಹೇಳಿದರು. ಹಾಗೆ ಹೇಳಿದವರಲ್ಲಿ ಹುಡುಗರ ಪಾಲು ಅರ್ಧಕ್ಕಿಂತ ತುಸು ಹೆಚ್ಚೇ ಇತ್ತು. ಹುಡುಗರು ಬಾಯಿಬಿಡುವುದು ಇನ್ನೂ ಕಷ್ಟ. ಗಂಡಸು ಅಳಬಾರದು ಎಂದು ಕಲಿಸಿರುತ್ತೇವೆ. ಅದರ ಮೇಲೆ, ಮುಟ್ಟಿದಾಗ ದೇಹ ತಾನಾಗಿ ಪ್ರತಿಕ್ರಿಯೆ ತೋರಿದರೆ ‘ನನಗೇ ಇಷ್ಟವಿತ್ತೇನೋ’ ಎಂಬ ನಾಚಿಕೆ ಅವರನ್ನು ಕೊರೆಯುತ್ತದೆ. ದೇಹದ ಆ ಪ್ರತಿಕ್ರಿಯೆಗೂ ಒಪ್ಪಿಗೆಗೂ ಯಾವ ಸಂಬಂಧವೂ ಇಲ್ಲ. ಪೋಕ್ಸೊ ಕಾಯ್ದೆಯಲ್ಲಿ ಮಗು ಎಂದರೆ 18 ತುಂಬದ ಯಾರೇ ಆಗಲಿ, ಹುಡುಗನೂ ಹುಡುಗಿಯೂ ಒಂದೇ.

ಹಾಗೆಂದು ಟ್ಯೂಷನ್ ಮೇಷ್ಟರೇ ಎಂದು ಈಗಲೇ ಮನಸ್ಸಿನಲ್ಲಿ ಗೆರೆ ಎಳೆದುಬಿಡಬೇಡಿ. ಅಲ್ಲಿಗೆ ಬರುವ ದೊಡ್ಡ ಹುಡುಗ ಇರಬಹುದು, ದಾರಿಯಲ್ಲಿ ಸಿಗುವವರಿರಬಹುದು, ಕರೆದುಕೊಂಡು ಹೋಗುವವರೇ ಇರಬಹುದು. ಬರೀ ಲೆಕ್ಕದ ಭಯವೂ ಇರಬಹುದು. ಮಕ್ಕಳ ಮೇಲೆ ಕೈಮಾಡುವವರಲ್ಲಿ ಅಪರಿಚಿತರು ಬಹಳ ಕಡಿಮೆ. ಮನೆಯವರ ವಿಶ್ವಾಸ ಗಳಿಸಿದವರು, ಮಗುವಿಗೆ ಬೇಕಾದವರು, ‘ಛೇ, ಅವರು ಅಂಥವರಲ್ಲ’ ಎಂದು ನಾವೇ ಪ್ರಮಾಣ ಮಾಡುವಂಥವರೇ ಹೆಚ್ಚು. ಮೊದಲು ಮಗುವಿಗೆ ವಿಶೇಷ ಗಮನ, ಉಡುಗೊರೆ, ಆಮೇಲೆ ‘ಇದು ನಮ್ಮಿಬ್ಬರ ಗುಟ್ಟು’, ಆಮೇಲೆ ‘ಹೇಳಿದರೆ ನಿನ್ನಮ್ಮ ನಿನ್ನನ್ನೇ ಬೈಯುತ್ತಾಳೆ’. ಈ ದಾರಿಯಲ್ಲಿ ಮಗುವನ್ನು ನಡೆಸಿಕೊಂಡು ಹೋಗಿರುತ್ತಾರೆ. ತಪ್ಪಿತಸ್ಥ 18 ತುಂಬದ ಹುಡುಗನೇ ಆಗಿದ್ದರೆ ವಿಷಯ ಕಾನೂನು ಮೀರಿದ ಮಕ್ಕಳ ಪ್ರಕರಣಗಳನ್ನು ನೋಡುವ ಬಾಲ ನ್ಯಾಯ ಮಂಡಳಿಯ ಮುಂದೆ ಹೋಗುತ್ತದೆ. ಅವನಿಗೂ ಚಿಕಿತ್ಸೆ, ತಿದ್ದುಪಡಿ ಬೇಕಾಗುತ್ತದೆ.

ಭಾವ ಮುಂಗೋಪಿ ಎಂದು ಬರೆದಿದ್ದೀರಿ. ಕಹಿಯಾದರೂ ಹೇಳಲೇಬೇಕು: ಆ ಗುರುತು ಮನೆಯೊಳಗಿನ ಹೊಡೆತದ್ದೂ ಆಗಿರಬಹುದು. ನಾನು ಅವರನ್ನು ದೂರುತ್ತಿಲ್ಲ, ಅವರ ಬಗ್ಗೆ ನನಗೇನೂ ತಿಳಿಯದು. ಆದರೆ ಯಾರನ್ನೂ ಮುಂಚಿತವಾಗಿ ಪಟ್ಟಿಯಿಂದ ಹೊರಗಿಡಬಾರದು. ಹೊಡೆಯುವವರು ಅವರೇ ಆಗಿದ್ದರೆ, ನೀವು ಹೋಗಿ ನೇರವಾಗಿ ಹೇಳಿದ ರಾತ್ರಿಯೇ ಹುಡುಗನಿಗೆ ಮತ್ತೆ ಏಟು ಬೀಳುತ್ತದೆ. ಕಾರಣ ಗೊತ್ತಾಗುವವರೆಗೆ ಭಾವನ ಮುಂದೆ ವಿಷಯ ಎತ್ತಬೇಡಿ. ಬುದ್ಧಿ ಕಲಿಸಲು ಹೊಡೆದೆವು ಎಂದ ಮಾತ್ರಕ್ಕೆ ಹಿಂಸೆ ಹಿಂಸೆಯಲ್ಲದಾಗುವುದಿಲ್ಲ. ಮಗುವಿನ ಜವಾಬ್ದಾರಿ ಹೊತ್ತವರೇ ಹಿಂಸಿಸಿದರೆ, ಬೇಕೆಂದೇ ಉಪೇಕ್ಷಿಸಿದರೆ 2015ರ ಬಾಲ ನ್ಯಾಯ ಕಾಯ್ದೆಯ 75ನೇ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲು ಇದೆ. ಶಾಲೆಯಲ್ಲಿ ಹೊಡೆಯುವುದನ್ನು, ಮಾನಸಿಕವಾಗಿ ಹಿಂಸಿಸುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ನಿಷೇಧಿಸಿದೆ. ಉಪೇಕ್ಷೆ ಎಂಬ ಮಾತಿಗೆ ಒಂದು ಎಚ್ಚರಿಕೆ: ಬಡತನ ಉಪೇಕ್ಷೆಯಲ್ಲ. ಕೈಲಾಗದೆ ಮಗುವಿಗೆ ಕೊಡಲಾಗದವರಿಗೆ ಬೇಕಿರುವುದು ನೆರವು, ಕೇಸಲ್ಲ.

ಇನ್ನು, ನೀವೇ ಕೇಳಬಹುದೇ? ಕೇಳಬಹುದು, ಆದರೆ ಕೂರಿಸಿಕೊಂಡು ಕೇಳಬೇಡಿ. ಎದುರಿಗೆ ಕೂರಿಸಿ ಮುಖ ನೋಡುತ್ತಾ ‘ಏನಾಯಿತು ಹೇಳು’ ಎಂದರೆ ಅದು ವಿಚಾರಣೆಯಾಗುತ್ತದೆ. ಮಕ್ಕಳು ಮಾತು ಬಿಚ್ಚುವುದು ಕೈಗೆ ಬೇರೆ ಕೆಲಸವಿದ್ದಾಗ: ಚಿತ್ರ ಬರೆಯುವಾಗ, ಜೊತೆಯಲ್ಲಿ ನಡೆಯುವಾಗ, ದೀಪ ಆರಿಸಿ ಮಲಗಿದಾಗ. ಕಂಡದ್ದನ್ನು ಕಂಡಂತೆ ಹೇಳಿ: ‘ಈಚೆಗೆ ನೀನು ಸಪ್ಪಗಿರ್ತೀಯ ಕಣೋ. ಟ್ಯೂಷನ್ ಅಂದ್ರೆ ಹೊಟ್ಟೆ ನೋಯುತ್ತೆ ಅಂತೀಯ. ಚಿಕ್ಕಮ್ಮಂಗೆ ಅದೇ ಯೋಚನೆ. ಏನಿದ್ರೂ ನನ್ಹತ್ರ ಹೇಳ್ಬಹುದು, ನಾನು ಬೈಯಲ್ಲ.’ ಇಷ್ಟು ಹೇಳಿ ಸುಮ್ಮನಾಗಿ. ಆ ಮೌನವನ್ನು ತುಂಬಲು ನಮ್ಮ ನಾಲಿಗೆ ತುರಿಸುತ್ತದೆ. ತಡೆದುಕೊಳ್ಳಿ.

‘ಮೇಷ್ಟರು ಮುಟ್ಟಿದರಾ?’ ಎಂದು ಕೇಳಲೇಬೇಡಿ. ಹೌದು-ಇಲ್ಲ ಎಂದು ಉತ್ತರಿಸುವ, ಹೆಸರು ಸೂಚಿಸುವ ಪ್ರಶ್ನೆಗಳು ಮಗುವಿನ ನೆನಪಿನಲ್ಲಿ ನಮ್ಮ ಮಾತನ್ನು ಬೆರೆಸುತ್ತವೆ. ಮುಂದೆ ಕೋರ್ಟಿನಲ್ಲಿ ‘ಚಿಕ್ಕಮ್ಮ ಹೇಳಿಕೊಟ್ಟದ್ದು’ ಎಂದು ಎದುರು ವಕೀಲರು ಎತ್ತುವುದೂ ಇದನ್ನೇ. ‘ಆಮೇಲೆ?’, ‘ಅದರ ಬಗ್ಗೆ ಇನ್ನೂ ಹೇಳ್ತೀಯಾ?’ ಎಂಬಷ್ಟೇ ಸಾಕು. ‘ಯಾಕೆ ಸುಮ್ಮನಿದ್ದೆ’, ‘ಯಾಕೆ ಮೊದಲೇ ಹೇಳಲಿಲ್ಲ’ ಎಂಬ ಮಾತುಗಳು ಪ್ರಶ್ನೆಯಂತೆ ಕಂಡರೂ ಮಗುವಿನ ಕಿವಿಗೆ ಬೈಗುಳವೇ. ಹುಡುಗ ‘ಯಾರಿಗೂ ಹೇಳಲ್ಲ ಅಂತ ಆಣೆ ಮಾಡು’ ಎನ್ನುತ್ತಾನೆ. ಮಾಡಬೇಡಿ. ‘ನಿನ್ನನ್ನು ಕಾಪಾಡೋಕೆ ಯಾರಿಗೆ ಹೇಳಲೇಬೇಕೋ ಅವರಿಗೆ ಮಾತ್ರ ಹೇಳ್ತೀನಿ, ಹೇಳೋ ಮುಂಚೆ ನಿನಗೂ ತಿಳಿಸ್ತೀನಿ’ ಎನ್ನಿ. ಆಣೆ ಮಾಡಿ ಮುರಿದರೆ ಆ ಮಗು ಮತ್ತೆ ಯಾವ ದೊಡ್ಡವರನ್ನೂ ನಂಬುವುದಿಲ್ಲ.

ಅವನು ಹೇಳಿಬಿಟ್ಟರೆ ನಿಮ್ಮ ಮುಖದ ಮೇಲೆ ಹಿಡಿತವಿರಲಿ. ನೀವು ಗಾಬರಿಯಾದರೆ, ಅತ್ತುಬಿಟ್ಟರೆ, ‘ಅವನನ್ನು ಕೊಂದುಹಾಕ್ತೀನಿ’ ಎಂದರೆ ಹುಡುಗ ನಿಮ್ಮನ್ನು ಸಮಾಧಾನ ಮಾಡಲು ಅಲ್ಲಿಗೇ ಮಾತು ನಿಲ್ಲಿಸುತ್ತಾನೆ. ‘ನೀನು ಹೇಳಿದ್ದು ಒಳ್ಳೇದಾಯ್ತು. ನಾನು ನಂಬ್ತೀನಿ. ಇದರಲ್ಲಿ ನಿನ್ನ ತಪ್ಪು ಏನೂ ಇಲ್ಲ.’ ಈ ಮೂರು ವಾಕ್ಯ ಸಾಕು. ಆಮೇಲೆ ಒಬ್ಬರೇ ಇದ್ದಾಗ, ಅವನು ಬಳಸಿದ ಮಾತುಗಳಲ್ಲೇ, ನೀವು ಏನು ಕೇಳಿದಿರಿ ಎಂಬುದನ್ನೂ ಸೇರಿಸಿ ಬರೆದಿಡಿ. ಮೊಬೈಲಿನಲ್ಲಿ ವಿಡಿಯೊ ಮಾಡುವುದು, ಅಜ್ಜಿಯ ಮುಂದೆ ಒಮ್ಮೆ ಮಾವನ ಮುಂದೆ ಒಮ್ಮೆ ಹೇಳಿಸುವುದು ಬೇಡವೇ ಬೇಡ. ಪ್ರತಿ ಸಲ ಹೇಳಿದಾಗಲೂ ಅವನು ಅದನ್ನು ಮತ್ತೆ ಅನುಭವಿಸುತ್ತಾನೆ. ಆರೋಪಿಯ ಮನೆಗೆ ಹೋಗಿ ಜಗಳ ತೆಗೆಯುವುದೂ ಬೇಡ. ಅದರಿಂದ ಅವನಿಗೆ ಸಾಕ್ಷ್ಯ ಅಳಿಸಲು, ಮಗುವನ್ನು ಹೆದರಿಸಲು ಸಮಯ ಸಿಗುತ್ತದೆ.

ಅವನು ಏನೂ ಹೇಳದಿದ್ದರೆ? ಒತ್ತಾಯಿಸಬೇಡಿ. ಹೇಳಲಿಲ್ಲವೆಂದರೆ ಆಗಿಲ್ಲ ಎಂದಲ್ಲ. ಒಂದು ದಿನ ಹೇಳಿ ಮರುದಿನ ‘ಸುಮ್ನೆ ಅಂದೆ’ ಎಂದು ಹಿಂತೆಗೆದುಕೊಳ್ಳುವ ಮಕ್ಕಳೂ ಇದ್ದಾರೆ. ಗುಟ್ಟು, ನಿಸ್ಸಹಾಯಕತೆ, ಹೊಂದಿಕೊಳ್ಳುವುದು, ತಡವಾಗಿ ಹೇಳುವುದು, ಹೇಳಿದ್ದನ್ನು ಅಲ್ಲಗಳೆಯುವುದು, ಇವೆಲ್ಲ ಒಂದೇ ಸರಣಿಯ ಭಾಗ ಎಂದು ರೋಲಂಡ್ ಸಮಿಟ್ ಎಂಬ ಮನೋವೈದ್ಯ 1983ರಲ್ಲೇ ವಿವರಿಸಿದ್ದ. ಮಗು ಮಾತು ಬದಲಿಸಿತೆಂದರೆ ಮನೆಯಲ್ಲಿ ಯಾರೋ ಅತ್ತಿರಬಹುದು, ಯಾರೋ ಗದರಿರಬಹುದು. ಸುಳ್ಳೆಂದು ತೀರ್ಮಾನಿಸುವ ಮುಂಚೆ ಅದನ್ನು ನೋಡಿ.

ಯಾರಿಗೆ ತಿಳಿಸುವುದು? ಮಕ್ಕಳ ಸಹಾಯವಾಣಿ 1098. ಹಗಲು ರಾತ್ರಿ ಇರುತ್ತದೆ, ಶುಲ್ಕವಿಲ್ಲ. ದೂರು ಕೊಡುವವರಿಗಷ್ಟೇ ಅಲ್ಲ, ಏನು ಮಾಡಲಿ ಎಂದು ತೋಚದವರಿಗೂ ಅದು ಇದೆ. ನಿಮ್ಮ ಹೆಸರು ಹೇಳಲು ಇಷ್ಟವಿಲ್ಲದಿದ್ದರೆ ಹೇಳದೆಯೂ ಮಾತನಾಡಬಹುದು. ಮಗು ಈ ಕ್ಷಣ ಅಪಾಯದಲ್ಲಿದ್ದರೆ 112. ಪ್ರತಿ ಜಿಲ್ಲೆಯಲ್ಲೂ ಮಕ್ಕಳ ರಕ್ಷಣಾ ಘಟಕವಿದೆ. ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುವ ಮಕ್ಕಳ ಕಲ್ಯಾಣ ಸಮಿತಿಯೂ ಇದೆ, ಅವರ ಬಳಿಗೆ ನೇರವಾಗಿಯೇ ಹೋಗಬಹುದು. ಪೊಲೀಸ್ ಠಾಣೆಗೆ ಹೋದರೆ ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂದು ವಾಪಸ್ ಕಳಿಸುವಂತಿಲ್ಲ. ಎಲ್ಲಿ ಹೋದರೂ ಎಫ್‌ಐಆರ್ ದಾಖಲಿಸಿ, ಆಮೇಲೆ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು.

ಘಟನೆ ಈಚಿನದಾದರೆ ಆಸ್ಪತ್ರೆ ಮೊದಲು. 72 ಗಂಟೆಯೊಳಗೆ ಹೋದರೆ ಎಚ್‌ಐವಿ ತಡೆಯುವ ಔಷಧಿ ಶುರುಮಾಡಬಹುದು, ಮೈಮೇಲಿನ ಸಾಕ್ಷ್ಯವೂ ಸಿಗುವ ಸಾಧ್ಯತೆ ಹೆಚ್ಚು. ಸಾಧ್ಯವಾದರೆ ಸ್ನಾನ ಮಾಡಿಸದೆ ಕರೆದೊಯ್ಯಿರಿ. ತೊಟ್ಟಿದ್ದ ಬಟ್ಟೆ ಒಗೆಯದೆ ಕಾಗದದ ಚೀಲದಲ್ಲಿಡಿ, ಪ್ಲಾಸ್ಟಿಕ್ ಬೇಡ. ಮೂರು ದಿನ ಕಳೆದಿದ್ದರೂ, ಮೂರು ತಿಂಗಳೇ ಕಳೆದಿದ್ದರೂ ತಪಾಸಣೆ ವ್ಯರ್ಥವಲ್ಲ. ಎಫ್‌ಐಆರ್ ತಂದರೇ ನೋಡುತ್ತೇವೆ ಎನ್ನಲು ಆಸ್ಪತ್ರೆಗೆ ಅಧಿಕಾರವಿಲ್ಲ, ಖಾಸಗಿ ಆಸ್ಪತ್ರೆಯೂ ಪ್ರಥಮ ಚಿಕಿತ್ಸೆಯನ್ನು ಉಚಿತವಾಗಿ ಕೊಡಬೇಕು. ತಪಾಸಣೆಯ ಹೊತ್ತಿನಲ್ಲಿ ಮಗು ನಂಬುವ ಒಬ್ಬರು ಪಕ್ಕದಲ್ಲಿರಬಹುದು. ಅದು ನೀವೂ ಆಗಬಹುದು.

ಪೊಲೀಸು, ಕೋರ್ಟು ಎಂಬ ಭಯಕ್ಕೆ ಬರೋಣ. ಕಾನೂನು ಬರೆದವರು ಈ ಭಯವನ್ನು ಕಂಡೇ ಬರೆದಿದ್ದಾರೆ. ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಅದು ಆರಿಸಿದ ಜಾಗದಲ್ಲಿ ಪಡೆಯಬೇಕು. ಆದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ ಬರಬೇಕು, ಸಮವಸ್ತ್ರ ತೊಟ್ಟಿರಬಾರದು. ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಸುದ್ದಿ ತಲುಪಿದ 24 ಗಂಟೆಯೊಳಗೆ ಪೊಲೀಸರು ಮಕ್ಕಳ ಕಲ್ಯಾಣ ಸಮಿತಿಗೂ ಪೋಕ್ಸೊ ಪ್ರಕರಣಗಳ ವಿಶೇಷ ನ್ಯಾಯಾಲಯಕ್ಕೂ ತಿಳಿಸಬೇಕು. ವಿಚಾರಣೆ ಮುಚ್ಚಿದ ಕೊಠಡಿಯಲ್ಲಿ ನಡೆಯುತ್ತದೆ, ಸಾಕ್ಷಿ ಹೇಳುವಾಗ ಆರೋಪಿ ಮಗುವಿನ ಕಣ್ಣಿಗೆ ಬೀಳಬಾರದು, ವಕೀಲರು ತಮ್ಮ ಪ್ರಶ್ನೆಗಳನ್ನು ನ್ಯಾಯಾಧೀಶರ ಮೂಲಕವೇ ಕೇಳಬೇಕು. ಹೆಸರು, ಶಾಲೆ, ಫೋಟೊ, ಮನೆ, ಯಾವುದನ್ನೂ ಮಾಧ್ಯಮಗಳು ಬಹಿರಂಗಪಡಿಸುವಂತಿಲ್ಲ. ಆರೋಪಿ ಅದೇ ಮನೆಯಲ್ಲಿದ್ದರೆ ಮಗು ಎಲ್ಲಿರಬೇಕೆಂದು ಸಮಿತಿ ಮೂರು ದಿನದೊಳಗೆ ತೀರ್ಮಾನಿಸುತ್ತದೆ, ಮಗುವಿನ ಇಷ್ಟವನ್ನೂ ಕೇಳುತ್ತದೆ. ಬಾಲಮಂದಿರ ಕೊನೆಯ ದಾರಿ. ಅಜ್ಜಿ ಮನೆ, ಚಿಕ್ಕಮ್ಮನ ಮನೆಯನ್ನು ಮೊದಲು ನೋಡಬೇಕು. ‘ಮಗೂನ ಕಿತ್ಕೊಂಡು ಹೋಗ್ತಾರೆ’ ಎಂಬ ಹೆದರಿಕೆ ಅಕ್ಕನಿಗಿದ್ದರೆ ಇದನ್ನು ತಿಳಿಸಿ.

ಕಾಗದದ ಮೇಲಿರುವುದೆಲ್ಲ ಹಾಗೆಯೇ ನಡೆಯುತ್ತದೆ ಎಂದು ನಾನು ಹೇಳಲಾರೆ. ಎಲ್ಲ ಠಾಣೆಗಳೂ ಒಂದೇ ಥರ ಇರುವುದಿಲ್ಲ. ವರ್ಷದೊಳಗೆ ವಿಚಾರಣೆ ಮುಗಿಸಬೇಕೆಂದು ಕಾಯ್ದೆಯಲ್ಲಿದ್ದರೂ ಎಷ್ಟೋ ಪ್ರಕರಣಗಳು ಎಳೆದಾಡುತ್ತವೆ. ಆದ್ದರಿಂದಲೇ 2020ರ ಪೋಕ್ಸೊ ನಿಯಮಗಳಲ್ಲಿರುವ ‘ಸಹಾಯಕ ವ್ಯಕ್ತಿ’ಯನ್ನು ಕೇಳಿ ಪಡೆಯಿರಿ. ಸಮಿತಿ ನೇಮಿಸುವ ಇವರು ಠಾಣೆ, ಆಸ್ಪತ್ರೆ, ಕೋರ್ಟು ಎಲ್ಲ ಕಡೆ ಮಗುವಿನ ಜೊತೆಗಿರುತ್ತಾರೆ, ಕೇಸು ಎಲ್ಲಿಗೆ ಬಂತೆಂದು ತಿಳಿಸುತ್ತಾರೆ. ಇಂಥವರೊಬ್ಬರು ಜೊತೆಗಿದ್ದ ಮಕ್ಕಳಿಗೂ ಒಂಟಿಯಾಗಿ ಅಲೆದ ಕುಟುಂಬಗಳಿಗೂ ಇರುವ ವ್ಯತ್ಯಾಸ ಎದ್ದು ಕಾಣುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತವಾಗಿ ಸಿಗುತ್ತಾರೆ. ಕೇಸು ಮುಗಿಯುವ ಮುಂಚೆಯೇ ಮಧ್ಯಂತರ ಪರಿಹಾರ ಕೊಡಲೂ ವಿಶೇಷ ನ್ಯಾಯಾಲಯಕ್ಕೆ ಅವಕಾಶವಿದೆ.

ಅಕ್ಕನ ಬಳಿ ಮತ್ತೆ ಮಾತನಾಡಲೇಬೇಕು, ಅವಳೊಬ್ಬಳೇ ಇರುವಾಗ. ತಾಯಂದಿರು ‘ಏನೂ ಇಲ್ಲ’ ಎನ್ನುವುದು ಎಷ್ಟೋ ಸಲ ಉದಾಸೀನದಿಂದಲ್ಲ. ಇದೆ ಎಂದು ಒಪ್ಪಿದರೆ ತನ್ನ ಸಂಸಾರ, ತನ್ನ ತಾಯ್ತನ ಎಲ್ಲವೂ ಪ್ರಶ್ನೆಯಾಗುತ್ತದಲ್ಲ, ಆ ದಿಗಿಲಿನಿಂದ. ಅವಳಿಗೂ ಅದೇ ಏಟುಗಳು ಬೀಳುತ್ತಿರಬಹುದು. ‘ನಿನಗೆ ಕಾಣಲಿಲ್ವಾ’ ಎಂದು ಶುರುಮಾಡಬೇಡಿ. ‘ಡಾಕ್ಟರಿಗೆ ತೋರಿಸೋಣ ಅಕ್ಕ, ನಾನೂ ಬರ್ತೀನಿ. ಅಲ್ಲಿಯವರೆಗೆ ಟ್ಯೂಷನ್ ಬೇಡ, ಅವನು ನಮ್ಮಲ್ಲಿರಲಿ’ ಎಂದರೆ ಅವಳಿಗೂ ಉಸಿರಾಡಲು ಜಾಗ ಸಿಗುತ್ತದೆ. ಅವಳು ಒಪ್ಪದಿದ್ದರೂ ನಿಮ್ಮ ಹೊಣೆ ತಪ್ಪುವುದಿಲ್ಲ. ಲೈಂಗಿಕ ದೌರ್ಜನ್ಯ ಗೊತ್ತಿದ್ದೂ ತಿಳಿಸದಿದ್ದರೆ ಆರು ತಿಂಗಳವರೆಗೆ ಶಿಕ್ಷೆಯಿದೆ. ಸಂಸ್ಥೆಯ ಮುಖ್ಯಸ್ಥರು ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ‘ಮನೆ ಮರ್ಯಾದೆ’, ‘ನಮ್ಮನಮ್ಮಲ್ಲೇ ರಾಜಿ’ ಎಂಬ ಮಾತುಗಳಿಗೆ ಇಲ್ಲಿ ಜಾಗವಿಲ್ಲ. ರಾಜಿಯಾದ ಮನೆಯಲ್ಲಿ ಮಗು ಅದೇ ವ್ಯಕ್ತಿಗೆ ಹಬ್ಬದ ದಿನ ನಮಸ್ಕಾರ ಮಾಡಬೇಕಾಗುತ್ತದೆ.

ದೌರ್ಜನ್ಯ ನಡೆದದ್ದೇ ನಿಜವಾದರೆ, ಬಾಳೇ ಹಾಳಾಯಿತು ಎಂಬ ಮಾತು ಹುಡುಗನ ಕಿವಿಗೆ ಬೀಳದಿರಲಿ. ಅದು ನಿಜವೂ ಅಲ್ಲ. ನಂಬುವ ಒಬ್ಬ ದೊಡ್ಡವರು, ಎಂದಿನ ದಿನಚರಿ, ಬೇಕಾದಷ್ಟು ಕಾಲ ಆಪ್ತಸಮಾಲೋಚನೆ ಸಿಕ್ಕ ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಆಟ ನಿಲ್ಲಿಸುವುದು, ಶಾಲೆ ಬಿಡಿಸುವುದು, ಸದಾ ಕಣ್ಗಾವಲಿಡುವುದು ಮಗುವಿಗೆ ಶಿಕ್ಷೆಯಂತೆ ಕಾಣುತ್ತದೆ. ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗ, ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ವಿಭಾಗದಲ್ಲಿ ಚಿಕಿತ್ಸೆಯಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ನೀವೂ ಕರೆ ಮಾಡಬಹುದು, ಅಕ್ಕನೂ ಮಾಡಬಹುದು.

ನಿಮ್ಮ ಜಾಗದಲ್ಲಿದ್ದರೆ ನಾನು ಇವತ್ತೇ 1098ಕ್ಕೆ ಫೋನ್ ಮಾಡುತ್ತಿದ್ದೆ. ಹುಡುಗನ ವಯಸ್ಸು, ಈಗ ಎಲ್ಲಿದ್ದಾನೆ, ಮನೆಯಲ್ಲಿ ಯಾರ್‍ಯಾರಿದ್ದಾರೆ, ಏನೇನು ಯಾವಾಗಿನಿಂದ ಬದಲಾಗಿದೆ, ಗುರುತು ಎಲ್ಲಿತ್ತು, ಎಂದು ನೋಡಿದಿರಿ, ಇಷ್ಟನ್ನು ಚೀಟಿಯಲ್ಲಿ ಬರೆದು ಎದುರಿಗಿಟ್ಟುಕೊಳ್ಳಿ. ನಿಮ್ಮ ಊಹೆಗಳನ್ನು ಸೇರಿಸಬೇಡಿ. ತಂದೆಯ ಕೋಪದ ವಿಷಯ ಹೇಳಿ, ಮನೆಗೆ ಬರುವ ಮುಂಚೆ ನಿಮಗೆ ತಿಳಿಸುವಂತೆ ಕೇಳಿಕೊಳ್ಳಿ. ಯಾರೊಂದಿಗೆ ಮಾತನಾಡಿದಿರಿ, ಎಷ್ಟು ಹೊತ್ತಿಗೆ ಎಂದು ಗುರುತುಮಾಡಿಕೊಳ್ಳಿ. ಎರಡು ದಿನದಲ್ಲಿ ಯಾರೂ ಸಂಪರ್ಕಿಸದಿದ್ದರೆ ಮತ್ತೆ ಕರೆ ಮಾಡಿ, ಜೊತೆಗೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.